ನೂರು, ನೂರೈವತ್ತು ಒಂದೇ ನೊಗಕ್ಕೆ? ಅಳತೆ ಬೇರೆಯಾದ ಸೋಲಾರ್ ಬ್ಯಾಟರಿಗಳನ್ನು ಕೂಡಿಸುವುದೋ, ಬೇರೆ ಇಡುವುದೋ

ಗುರುವಾರ ಮಿಕ್ಸರಿನ ಕೆಲಸ ಇದ್ದರೆ ಪುಣೆಯ ಹೆಂಗಸರು ಬೆಳಿಗ್ಗೆ ಎಂಟರೊಳಗೇ ಮುಗಿಸಿಬಿಡುತ್ತಾರೆ. ಪಿಂಪರಿ, ಭೋಸರಿ ಕಡೆಯ ಕಾರ್ಖಾನೆಗಳಿಗೆ ಅಂದು ವಾರದ ರಜೆ. ಲೈನ್ ರಿಪೇರಿಯೂ ಹೆಚ್ಚಾಗಿ ಅಂದೇ, ಹಗಲು ಕರೆಂಟು ಹೋಗುತ್ತದೆ. ಧಾಯರಿಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಜಮಖಂಡಿ ಕಡೆಯ ಅಕ್ಕ ಒಬ್ಬರಿದ್ದಾರೆ. ಅವರಿಗೆ ಗುರುವಾರ ಅಂದರೆ ಗಿರಾಕಿಗಳು ಬೆವರು ಒರೆಸಿಕೊಳ್ಳುತ್ತ ಉಣ್ಣುವ ದಿನ. ಕಳೆದ ಬೇಸಿಗೆಯಲ್ಲಿ ನನಗೆ ಫೋನ್ ಮಾಡಿದರು:

"ತಮ್ಮಾ, ಹಳೇದೊಂದು ನೂರರ ಬ್ಯಾಟ್ರಿ ಐತಿ. ನಮ್ಮ ಅಣ್ಣ ಮನಿ ಖಾಲಿ ಮಾಡೂವಾಗ ನೂರಾ ಐವತ್ತರದು ಕೊಟ್ಟು ಹೋಗ್ಯಾನ. ಮ್ಯಾಲ ಎರಡು ಸೋಲಾರ್ ಪ್ಲೇಟೂ ಅದಾವು. ಎರಡೂ ಬ್ಯಾಟ್ರಿ ಕೂಡಿಸಿ ಕೊಟ್ಟುಬಿಡು."

ಅದಕ್ಕೂ ಮೊದಲೇ ಬುಧವಾರ ಪೇಠೆಯ ಟಪಕೀರ ಗಲ್ಲಿಯಲ್ಲಿ ಒಂದು ಅಂಗಡಿಯವನನ್ನು ಕೇಳಿ ಬಂದಿದ್ದರಂತೆ. "ಚಾಲತಂ ಹೋ, ಕಾಹೀ ಹೋತ್ ನಾಹೀ" ಅಂದಿದ್ದನಂತೆ. ನಡೀತದ, ಏನೂ ಆಗೂದಿಲ್ಲ. ಅವನ ಮಾತು ಪೂರ್ತಿ ಸುಳ್ಳಲ್ಲ. ಹೇಗೆ ಕೂಡಿಸುತ್ತೀರಿ, ಬ್ಯಾಟರಿಗೆ ಎಷ್ಟು ವಯಸ್ಸಾಗಿದೆ ಅಂತ ಅವನು ಕೇಳಲಿಲ್ಲ, ಅಷ್ಟೇ.

ನಾನು ಭೋಸರಿಯ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಕೆಲಸದವನು. ರವಿವಾರಕ್ಕೊಮ್ಮೆ ನಮ್ಮ ಊರಕಡೆಯವರ ಇನ್ವರ್ಟರು, ಸೋಲಾರು ನೋಡಿಕೊಡುತ್ತೇನೆ. ಈ ಪ್ರಶ್ನೆ ತಿಂಗಳಿಗೆ ಒಂದಾದರೂ ಬರುತ್ತದೆ. ಎಲ್ಲರೂ ಕೇಳುವುದು ಒಂದೇ: "100ಕ್ಕೆ 150 ಜೋಡಿ ಆಗತೈತೇನು?" ಈ ಅಂಕಿಗಳು ಎಎಚ್, ಅಂದರೆ ಆಂಪಿಯರ್-ತಾಸು, ಬ್ಯಾಟರಿಯ ಹೊಟ್ಟೆಯ ಅಳತೆ. ನನ್ನ ಅನುಭವದಲ್ಲಿ ಗಂಟು ಇರುವುದು ಆ ಅಂಕಿಯಲ್ಲಲ್ಲ. ಒಂದೇ ಜಾತಿಯ, ಒಂದೇ ಪ್ರಾಯದ 100 ಮತ್ತು 150ನ್ನು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಹಾಕಿದರೆ ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತವೆ. ಒಂದೇ ಅಳತೆಯ ಎರಡು 150, ಆದರೆ ಒಂದು ಹೊಸದು, ಇನ್ನೊಂದು ಐದು ವರ್ಷದ್ದು, ಇವು ಮಾತ್ರ ಒಂದನ್ನೊಂದು ತಿನ್ನುತ್ತವೆ. ಆದ್ದರಿಂದ ತಂತಿ ಮುಟ್ಟುವ ಮೊದಲು ಡಬ್ಬಿಯೊಳಗೆ ನಿಜವಾಗಿ ಎಷ್ಟು ಉಳಿದಿದೆ ಅಂತ ನೋಡಬೇಕು.

ಮೇಲೆ ಬರೆದ ಅಂಕಿ, ಒಳಗೆ ಉಳಿದ ಅಂಕಿ

150 ಎಎಚ್ ಅಂದರೆ ಏನು? ಮನೆಯ ಇನ್ವರ್ಟರ್ ಬ್ಯಾಟರಿಗಳ ಮೇಲೆ ಹೆಚ್ಚಾಗಿ ಸಿ20 ಲೆಕ್ಕದ ಅಂಕಿ ಇರುತ್ತದೆ: 20 ತಾಸಿನಲ್ಲಿ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಮೊತ್ತ. 150 ಎಎಚ್ ಅಂದರೆ 7.5 ಆಂಪಿಯರಿನಂತೆ 20 ತಾಸು. ಸೋಲಾರ್‌ಗೆಂದೇ ಮಾಡಿದ ಬ್ಯಾಟರಿಗಳ ಮೇಲೆ ಸಿ10 ಅಂತ ಇರುತ್ತದೆ, ಅದು 10 ತಾಸಿನ ಲೆಕ್ಕ. ಲೆಡ್ ಆಸಿಡ್ (ಸೀಸದ ಪ್ಲೇಟು, ಆಸಿಡ್ ಇರುವ) ಬ್ಯಾಟರಿಯಿಂದ ಬೇಗ ಬೇಗ ಎಳೆದಷ್ಟೂ ಕಡಿಮೆ ಸಿಗುವುದರಿಂದ ಸಿ10ರ 150 ಸಿ20ರ 150ಕ್ಕಿಂತ ದೊಡ್ಡದು. ಎರಡು ಬ್ಯಾಟರಿ ಹೋಲಿಸುವಾಗ ಮೊದಲು ಈ ಚಿಕ್ಕ ಅಕ್ಷರ ಓದಿ. "ಎರಡೂ 150" ಅಂತ ತಿಳಿದು ಕೂಡಿಸಿದ್ದು ನಿಜದಲ್ಲಿ ಸಮ ಇಲ್ಲದಿರಬಹುದು.

ವಯಸ್ಸಾದ ಬ್ಯಾಟರಿಯ ಮೇಲಿನ ಅಂಕಿಯನ್ನಂತೂ ನಂಬುವ ಹಾಗೇ ಇಲ್ಲ. ನಾನು ಮಾಡುವ ಪರೀಕ್ಷೆಗೆ ಕಾರಿನ ಹೆಡ್‌ಲೈಟಿನ 60 ವ್ಯಾಟಿನ ಹಳೆಯ ಬಲ್ಬು, ಒಂದು ಮಲ್ಟಿಮೀಟರ್ ಸಾಕು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಎಲ್ಲ ತಂತಿ ಬಿಚ್ಚಿ, ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ 12.7ರ ಹತ್ತಿರ ಇದ್ದರೆ ತುಂಬಿದೆ. ಬಲ್ಬು ಹಚ್ಚಿದರೆ ಸುಮಾರು 5 ಆಂಪಿಯರ್ ಎಳೆಯುತ್ತದೆ. ತಾಸಿಗೊಮ್ಮೆ ವೋಲ್ಟೇಜ್ ಬರೆದಿಡುವುದು. 100 ಎಎಚ್ ಬ್ಯಾಟರಿ ಆರೋಗ್ಯವಾಗಿದ್ದರೆ 10 ತಾಸಾದ ಮೇಲೂ, ಅಂದರೆ ಅರ್ಧ ಖಾಲಿಯಾದ ಮೇಲೂ, 12 ವೋಲ್ಟಿನ ಆಸುಪಾಸಿನಲ್ಲೇ ಇರುತ್ತದೆ. 11.5ಕ್ಕೆ ಬಂದರೆ ಪರೀಕ್ಷೆ ನಿಲ್ಲಿಸಿ, ಕೂಡಲೇ ಚಾರ್ಜಿಗೆ ಹಾಕಬೇಕು.

ಅಕ್ಕನ ಹಳೆಯ 100 ರಾತ್ರಿ ಕಳೆದ ಮೇಲೆ 12.5 ತೋರಿಸಿತು. ಬಲ್ಬು ಹಚ್ಚಿದ ಆರೇ ತಾಸಿಗೆ 11.6. ಅಂದರೆ ಒಳಗೆ ಉಳಿದದ್ದು ಹೆಚ್ಚೆಂದರೆ 40. ಅಣ್ಣ ಕೊಟ್ಟ 150ರ ಟ್ಯೂಬ್ಯುಲರ್ (ಪ್ಲಸ್ ಪ್ಲೇಟು ಕೊಳವೆಯಂತಿರುವ ಲೆಡ್ ಆಸಿಡ್ ಬ್ಯಾಟರಿ) 10 ತಾಸಿನ ನಂತರವೂ 12.3.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ನೇರವಾಗಿ ಹೇಳುತ್ತದೆ (ಬರೀ ನೀರಿಗೆ 1000). ತುಂಬಿದ ಟ್ಯೂಬ್ಯುಲರ್‌ನಲ್ಲಿ ಆಸಿಡ್ ಸಾಮಾನ್ಯವಾಗಿ 1240ರ ಹತ್ತಿರ ನಿಲ್ಲುತ್ತದೆ, ಕಾರಿನ ಬ್ಯಾಟರಿಯಲ್ಲಿ 1280ರ ಹತ್ತಿರ. ಅಂಕಿಗಿಂತ ಮುಖ್ಯ, 12 ವೋಲ್ಟಿನ ಡಬ್ಬಿಯೊಳಗಿನ ಆರೂ ಸೆಲ್ಲುಗಳಲ್ಲಿ ಅದು ಸಮ ಇದೆಯೇ ಅನ್ನುವುದು. ಅಕ್ಕನ ಹಳೆಯದರಲ್ಲಿ ಐದು ಸೆಲ್ಲು 1220ರ ಸುತ್ತಮುತ್ತ, ಒಂದು 1160. ಆ ಒಂದು ಸೆಲ್ಲು ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಸೀರೀಸ್: ಇದನ್ನು ಮಾಡಬೇಡಿ

ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕಟ್ಟಿ 24 ವೋಲ್ಟ್ ಮಾಡುವುದು ಸೀರೀಸ್. ಇಲ್ಲಿ ಎರಡರಲ್ಲೂ ಹರಿಯುವ ಕರೆಂಟು ಒಂದೇ. ಗಳೆ ಹೂಡುವಾಗ ದೊಡ್ಡ ಎತ್ತಿಗೆ ಕರು ಕಟ್ಟಿದ ಹಾಗೆ: ನೊಗ ಒಂದೇ, ಹೆಜ್ಜೆ ಸಮ. ಕರು ಸುಸ್ತಾಗಿ ಬಿದ್ದರೂ ಎತ್ತು ನಿಲ್ಲುವುದಿಲ್ಲ, ಅದನ್ನು ಎಳೆದುಕೊಂಡೇ ಹೋಗುತ್ತದೆ.

100 ಮತ್ತು 150ನ್ನು ಸೀರೀಸ್ ಹಾಕಿದರೆ ನಿಮಗೆ ಸಿಗುವುದು 24 ವೋಲ್ಟಿನಲ್ಲಿ 100 ಎಎಚ್. ಉಳಿದ 50 ಅಲಂಕಾರಕ್ಕೆ. ಅಷ್ಟೇ ನಷ್ಟವಾಗಿದ್ದರೆ ಸಹಿಸಬಹುದಿತ್ತು. ಗೋವಾದ ಸತ್ತರಿ ತಾಲೂಕಿನಲ್ಲಿ, ವಾಳಪೈ ಆಚೆ, ಗೋಡಂಬಿ ತೋಟ ನೋಡಿಕೊಳ್ಳುವ ಖಾನಾಪುರದ ಹುಡುಗನೊಬ್ಬ ನನ್ನ ಪರಿಚಯದವನು. ತೋಟದ ಮನೆಗೆ 24 ವೋಲ್ಟಿನ ಇನ್ವರ್ಟರ್. ಇದ್ದ 150ಕ್ಕೆ ಯಾರೋ ಒಂದು 100 ಜೋಡಿಸಿ ಕೊಟ್ಟು ಹೋಗಿದ್ದರು. "ಮೀಟರ್ ಬರೋಬರಿ ತೋರಸ್ತೈತಿ ಕಾಕಾ, ಆದ್ರ ರಾತ್ರಿ ಎಂಟಕ್ಕ ಬಂದ್ ಆಗತೈತಿ, ಮ್ಯಾಲ ಕೊಳೆತ ತತ್ತಿ ವಾಸನಿ" ಅಂದ.

ಮೀಟರ್ ಬರೋಬರಿ ತೋರಿಸುತ್ತಿತ್ತು, ಹೌದು. ಅದು ನೋಡುತ್ತಿದ್ದದ್ದು ಎರಡರ ಮೊತ್ತವನ್ನು. ಮಧ್ಯಾಹ್ನ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ಲಿನ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಬಿಡುವ ಡಬ್ಬಿ) 28.8 ವೋಲ್ಟಿಗೆ ತಂದು ನಿಲ್ಲಿಸುತ್ತದೆ. ಪಾಲು ಸಮ ಬಂದರೆ ತಲಾ 14.4. ಆದರೆ ಚಿಕ್ಕದು ಮೊದಲೇ ತುಂಬಿ 15.6ಕ್ಕೆ ಏರಿ ಕುದಿಯುತ್ತಿತ್ತು, ದೊಡ್ಡದು 13.2ರಲ್ಲಿ ಅರೆಹೊಟ್ಟೆ. ಕೊಳೆತ ತತ್ತಿಯ ವಾಸನೆ ವಿಪರೀತ ಚಾರ್ಜಾದ ಲೆಡ್ ಆಸಿಡ್ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಸಲ್ಫೈಡಿನದು. ಅದು ವಿಷದ ಗಾಳಿ, ಮೂಗು ಹತ್ತಿರ ಒಯ್ದು ನೋಡುವ ವಸ್ತುವಲ್ಲ. ರಾತ್ರಿ ಅದೇ ಕಥೆ ತಿರುವುಮುರುವು. ಇನ್ವರ್ಟರ್ 21 ವೋಲ್ಟಿಗೆ ಕಟ್ ಆಗುತ್ತದೆ. ತಲಾ 10.5 ಅಂತ ಅದು ತಿಳಿದಿರುತ್ತದೆ. ನಿಜದಲ್ಲಿ ದೊಡ್ಡದು 12, ಚಿಕ್ಕದು 9. ಇನ್ನೂ ಎಳೆದರೆ ಚಿಕ್ಕದರ ದುರ್ಬಲ ಸೆಲ್ಲು ಉಲ್ಟಾ ತಿರುಗಿ, ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಚಿಕ್ಕದು ದಿನಾ ಅತಿ ತುಂಬಿ ಅತಿ ಖಾಲಿಯಾಗಿ ಸಾಯುತ್ತದೆ, ದೊಡ್ಡದು ಎಂದೂ ಪೂರ್ತಿ ತುಂಬದೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿಕೊಂಡು ಸಾಯುತ್ತದೆ. ಒಂದೇ ಮಳೆಗಾಲಕ್ಕೆ ಎರಡೂ ಹೋದವು.

ಇದಕ್ಕೆ ಬ್ಯಾಟರಿ ಬ್ಯಾಲೆನ್ಸರ್ ಅನ್ನುವ ಪುಟ್ಟ ಡಬ್ಬಿ ಸಿಗುತ್ತದಲ್ಲ ಅಂತ ಓದಿದವರು ಕೇಳುತ್ತಾರೆ. ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಲೆಕ್ಕ ಹಾಕಿ: 100 ಮತ್ತು 150 ಜೊತೆಜೊತೆಗೇ ಖಾಲಿಯಾಗಬೇಕಾದರೆ, 20 ಆಂಪಿಯರ್ ಎಳೆಯುವಾಗ ದೊಡ್ಡದು 24, ಚಿಕ್ಕದು 16 ಕೊಡಬೇಕು. ಬ್ಯಾಲೆನ್ಸರ್ 4 ಆಂಪಿಯರ್ ಅತ್ತಿತ್ತ ದಾಟಿಸಿದರೆ ಸಾಕು. 40 ಎಳೆದರೆ 8 ಬೇಕು. ಆದರೆ ಡಬ್ಬಿಯ ಮೇಲೆ ಬರೆದ 5 ಅಥವಾ 10 ಆಂಪಿಯರ್ ಸಿಗುವುದು ಎರಡರ ವೋಲ್ಟೇಜು ಸಾಕಷ್ಟು ದೂರ ಸರಿದ ಮೇಲೆ. ಸಮ ಇರುವ ಜೋಡಿಯಲ್ಲಿ ಬರುವ ಸಣ್ಣಪುಟ್ಟ ಏರುಪೇರಿಗೆ ಅದು ಒಳ್ಳೆಯದು. ಎತ್ತು-ಕರುವಿನ ಜೋಡಿಗೆ ನಾನು ಅದನ್ನು ನೆಚ್ಚುವುದಿಲ್ಲ.

ಇನ್ನೊಂದು ಮಾತು, ಸಮ ಜೋಡಿ ಇದ್ದವರಿಗೂ. 24 ವೋಲ್ಟಿನ ಸೆಟ್ಟಿನಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದು ವೈಫೈ ರೂಟರಿಗೋ ಸಿಸಿ ಕ್ಯಾಮೆರಾಕ್ಕೋ ಕೊಡುವವರು ಬಹಳ. ಹಗಲೂ ರಾತ್ರಿ ಒಂದೇ ಬ್ಯಾಟರಿ ಆ ಭಾರ ಹೊತ್ತು, ಕೊಂಡಾಗ ಸಮ ಇದ್ದ ಜೋಡಿಯನ್ನು ನೀವೇ ಕೈಯಾರೆ ಅಸಮ ಮಾಡಿದಂತೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ.

ಪ್ಯಾರಲಲ್: ಯಾವಾಗ ಸರಿ, ಯಾವಾಗ ಅಲ್ಲ

ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ವೋಲ್ಟೇಜ್ 12ರಲ್ಲೇ ಉಳಿಯುತ್ತದೆ, ಎಎಚ್ ಕೂಡುತ್ತದೆ. ಟೆರೇಸಿನ ಮೇಲೆ 500 ಲೀಟರಿನ ಮತ್ತು 1000 ಲೀಟರಿನ ನೀರಿನ ಟಾಕಿಗಳನ್ನು ತಳದಲ್ಲಿ ಪೈಪಿನಿಂದ ಜೋಡಿಸಿರುತ್ತಾರಲ್ಲ, ಅದೇ. ನೀರಿನ ಮಟ್ಟ ಎರಡರಲ್ಲೂ ಸಮ. ದೊಡ್ಡದು ಹೆಚ್ಚು ಕೊಡುತ್ತದೆ, ಚಿಕ್ಕದು ಕಡಿಮೆ. ಯಾರೂ ಯಾರನ್ನೂ ಎಳೆಯುವುದಿಲ್ಲ. ಜಾತಿ ಒಂದೇ ಆಗಿ ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳೆಯುವುದು ಓಮಿನಲ್ಲಿ) ಅಳತೆಗೆ ತಕ್ಕಂತೆ ಇದ್ದರೆ, 25 ಆಂಪಿಯರ್ ಎಳೆದಾಗ 150 ಸುಮಾರು 15, 100 ಸುಮಾರು 10 ಕೊಡುತ್ತದೆ. ಚಾರ್ಜಿನಲ್ಲೂ ಅದೇ ಪಾಲು.

ಹಾಗಾದರೆ ಅಂಗಡಿಯವನು ಹೇಳಿದ್ದು ಸರಿಯೇ ಅಲ್ಲವೇ? ಟಾಕಿ ಸೋರದಿದ್ದರೆ ಸರಿ. ಹಳೆಯ ಬ್ಯಾಟರಿ ಸೋರುವ ಟಾಕಿ. ತಾನಾಗಿಯೇ ಖಾಲಿಯಾಗುತ್ತ ಹೋಗುತ್ತದೆ, ಹೊಸದು ರಾತ್ರಿಯಿಡೀ ಅದಕ್ಕೆ ತುಂಬಿಸುತ್ತ ಕೂರುತ್ತದೆ. ತುಂಬಿದ ಮೇಲೂ ಹಳೆಯದು ಕರೆಂಟು ನುಂಗುತ್ತ ಬಿಸಿಯಾಗಿ ನೀರು ಕಳೆದುಕೊಳ್ಳುತ್ತದೆ.

ಇದಕ್ಕಿಂತ ಕೆಟ್ಟದ್ದು ಆ 1160ರ ಸೆಲ್ಲು. ಅಂಥ ಸೆಲ್ಲು ಒಂದು ದಿನ ಒಳಗೇ ಶಾರ್ಟ್ ಆದರೆ 12.7ರ ಬ್ಯಾಟರಿ 10.5ರದ್ದಾಗುತ್ತದೆ. ಪಕ್ಕದಲ್ಲಿ ತುಂಬಿದ 150 ಇದೆ. ನಡುವೆ 2 ವೋಲ್ಟಿಗೂ ಹೆಚ್ಚು ಅಂತರ, ತಡೆಯಲು ಕೆಲವೇ ಮಿಲಿಓಮ್. ನೂರಕ್ಕೂ ಹೆಚ್ಚು ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ಧುಮುಕಬಹುದು. ಇನ್ವರ್ಟರಿಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಆ ಕರೆಂಟು ಅದರ ಮೂಲಕ ಹಾಯುವುದೇ ಇಲ್ಲ. ಆದ್ದರಿಂದ ಪ್ಯಾರಲಲ್ ಹಾಕುವವರಿಗೆ ನನ್ನದು ಒಂದೇ ಹಠ: ಒಂದೊಂದು ಬ್ಯಾಟರಿಯ ಪ್ಲಸ್ಸಿಗೂ ಅದರದೇ ಫ್ಯೂಸ್, ಟರ್ಮಿನಲ್ಲಿಗೆ ಆದಷ್ಟು ಹತ್ತಿರ. ಎರಡಕ್ಕೂ ಸೇರಿ ಒಂದು ಫ್ಯೂಸ್ ಹಾಕಿದರೆ ಈ ಅಪಾಯಕ್ಕೆ ಅದು ಅಡ್ಡ ಬರುವುದಿಲ್ಲ. ಕಾರಿನ ಆಂಪ್ಲಿಫೈಯರಿಗೆ ಹಾಕುವ ದಪ್ಪ ಪಟ್ಟಿಯ ಫ್ಯೂಸು, ಹೋಲ್ಡರ್ ಸಮೇತ, ಟಪಕೀರ ಗಲ್ಲಿಯಲ್ಲಿ ಸಿಗುತ್ತವೆ. 12 ವೋಲ್ಟಿನ ಸಾಧಾರಣ ಮನೆ ಇನ್ವರ್ಟರಿಗೆ, ಪೂರ್ತಿ ಲೋಡಿನಲ್ಲಿ 70–80 ಆಂಪಿಯರ್ ಎಳೆಯುವಂಥದ್ದಕ್ಕೆ, 100 ಆಂಪಿಯರಿನ ಫ್ಯೂಸ್ ಮತ್ತು 25 ಚದರ ಮಿಮೀ ತಾಮ್ರದ ಕೇಬಲ್.

ಕೇಬಲ್ಲಿನ ಉದ್ದ ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಸಣ್ಣದಲ್ಲ. 25 ಚದರ ಮಿಮೀ ತಾಮ್ರದ ಒಂದು ಮೀಟರಿಗೆ ಸುಮಾರು 0.7 ಮಿಲಿಓಮ್. ಬ್ಯಾಟರಿಯ ಒಳಗಿನದೇ ಕೆಲವು ಮಿಲಿಓಮ್ ಇರುವಾಗ, ಒಂದಕ್ಕೆ ಅರ್ಧ ಮೀಟರ್, ಇನ್ನೊಂದಕ್ಕೆ ಎರಡು ಮೀಟರ್ ಕೊಟ್ಟರೆ ಹತ್ತಿರದ್ದು ಹೆಚ್ಚು ದುಡಿದು ಮೊದಲು ಮುದಿಯಾಗುತ್ತದೆ. ಇನ್ವರ್ಟರಿನ ಪ್ಲಸ್ಸನ್ನು ಒಂದು ಬ್ಯಾಟರಿಯಿಂದ, ಮೈನಸ್ಸನ್ನು ಇನ್ನೊಂದರಿಂದ ತೆಗೆಯಿರಿ. ಆಗ ಇಬ್ಬರ ದಾರಿಯೂ ಸಮ. ಇಲೆಕ್ಟ್ರಿಶಿಯನ್ನರು ಇದನ್ನು ಮಾಡುವುದು ಕಡಿಮೆ. ಎರಡೂ ತಂತಿ ಮೊದಲ ಬ್ಯಾಟರಿಗೇ ಬಿಗಿದು, ಎರಡನೆಯದಕ್ಕೆ ಬಾಲ ಕಟ್ಟಿದಂತೆ ತುಂಡು ತಂತಿ ಹಾಕಿ, ಚಹಾ ಕುಡಿದು ಹೋಗುತ್ತಾರೆ. ಗೋವಾ, ಮುಂಬಯಿಯ ಉಪ್ಪುಗಾಳಿಯಲ್ಲಿ ಟರ್ಮಿನಲ್ಲಿನ ಹಸಿರು ಕಿಲುಬೂ ರೆಸಿಸ್ಟೆನ್ಸೇ. ಆರು ತಿಂಗಳಿಗೊಮ್ಮೆ ಬಿಚ್ಚಿ ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಹಚ್ಚದಿದ್ದರೆ ಸಮ ಉದ್ದದ ಕೇಬಲ್ ಹಾಕಿಯೂ ವ್ಯರ್ಥ.

ಕೂಡಿಸುವ ದಿನ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಕೆಲವು ತಾಸು ಬಿಟ್ಟು, ವೋಲ್ಟೇಜು ನೋಡಿ. 0.1ರೊಳಗಿನ ಅಂತರವಿದ್ದರೆ ಕೂಡಿಸಿ. ಕೂಡಿಸಿದ ಮೇಲೆ ಚಾರ್ಜ್ ಕರೆಂಟನ್ನೂ ನೋಡಿಕೊಳ್ಳಬೇಕು. ಲೆಡ್ ಆಸಿಡ್‌ಗೆ ಎಎಚ್‌ನ ಹತ್ತನೆಯ ಒಂದು ಪಾಲು ಹದ: 250ಕ್ಕೆ 25 ಆಂಪಿಯರ್. 165 ವ್ಯಾಟಿನ ಎರಡು ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲೂ 18–20ರ ಮೇಲೆ ಕೊಡುವುದು ಅಪರೂಪ. ಬ್ಯಾಟರಿ ಹೆಚ್ಚಿಸಿ ಪ್ಯಾನೆಲ್ ಹೆಚ್ಚಿಸದಿದ್ದರೆ ಜುಲೈ ತಿಂಗಳ ಪುಣೆಯ ಮೋಡದಲ್ಲಿ ಆ ದೊಡ್ಡ ಬ್ಯಾಟರಿ ಜೋಡಿ ಯಾವತ್ತೂ ತುಂಬುವುದಿಲ್ಲ.

ವಯಸ್ಸಿನ ಅಂತರ ಎಷ್ಟಿದ್ದರೆ ನಡೆದೀತು ಅಂತ ಕೇಳಿದರೆ, ದಿನಾ ಬಳಸುವ ಬ್ಯಾಟರಿಗೆ ಆರು ತಿಂಗಳು, ಬಹಳವೆಂದರೆ ಒಂದು ವರ್ಷ ಅನ್ನುತ್ತೇನೆ. ಟ್ಯೂಬ್ಯುಲರಿಗೆ ಟ್ಯೂಬ್ಯುಲರೇ, ನೀರು ಹಾಕದ ಜೆಲ್ ಬ್ಯಾಟರಿಗೆ ಜೆಲ್ ಬ್ಯಾಟರಿಯೇ.

ಲಿಥಿಯಂ ಬಂದರೆ

ಈಗ ಖಾನಾವಳಿಗೂ ಲಿಥಿಯಂ ಬಂದಿದೆ. ಸೋಲಾರಿಗೆ ಸಿಗುವುದು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್, ನಾಲ್ಕು ಸೆಲ್ಲು ಸೇರಿ 12.8 ವೋಲ್ಟ್. ಒಂದೇ ಬಗೆಯ 50 ಮತ್ತು 100 ಎಎಚ್ ಪ್ಯಾರಲಲ್ ಹಾಕಬಹುದು. ಆದರೆ ಒಳಗಿನ ಕಾವಲುಗಾರ ಬಿಎಂಎಸ್ ಎಷ್ಟು ಆಂಪಿಯರಿನದು ಅಂತ ಮೊದಲು ನೋಡಿ. ದೊಡ್ಡದು ಯಾವುದೋ ಕಾರಣಕ್ಕೆ ಕಟ್ ಆದರೆ ಇಡೀ ಲೋಡು ಚಿಕ್ಕದರ ಮೇಲೆ ಬೀಳುತ್ತದೆ. 50 ಆಂಪಿಯರಿನ ಬಿಎಂಎಸ್ 70 ಹೊರಲಾರದೆ ಅದೂ ಕಟ್ ಆಗುತ್ತದೆ. ಊಟದ ನಡುವೆ ಕತ್ತಲೆ.

ಲಿಥಿಯಂನಲ್ಲಿ ವೋಲ್ಟೇಜ್ ನೋಡಿ ಹೊಟ್ಟೆ ಅಳೆಯಲು ಬರುವುದಿಲ್ಲ. ಮಧ್ಯದಲ್ಲಿ ಅದರ ವೋಲ್ಟೇಜು ಚಪ್ಪಟೆ, 13.2 ಅಂದರೆ ಅರ್ಧವೂ ಇರಬಹುದು, ಮುಕ್ಕಾಲು ಹತ್ತಿರವೂ ಇರಬಹುದು. ಹೀಗಾಗಿ ಇಲ್ಲಿ "ಎರಡೂ 13.2 ಐತಿ, ಕೂಡಸೂಣು" ಅನ್ನುವುದು ನಡೆಯದು. ಎರಡನ್ನೂ ಬೇರೆ ಬೇರೆ ಪೂರ್ತಿ ತುಂಬಿಸಿಯೇ ಕೂಡಿಸಬೇಕು. ಅಳತೆ ಬೇರೆಯಾದ ಲಿಥಿಯಂಗಳನ್ನು ಸೀರೀಸ್ ಹಾಕಿದರೆ ಚಿಕ್ಕದರ ಬಿಎಂಎಸ್ ದಿನಾ ಮೊದಲು ಬಾಗಿಲು ಮುಚ್ಚುತ್ತದೆ, ಪೂರಾ ವ್ಯವಸ್ಥೆ ನಿಲ್ಲುತ್ತದೆ.

ಲಿಥಿಯಂಗೆ ಲೆಡ್ ಆಸಿಡ್ ಪ್ಯಾರಲಲ್? ಹಾಕಿದ ಕ್ಷಣಕ್ಕೆ ಏನೂ ಸುಡುವುದಿಲ್ಲ, ಅದಕ್ಕೇ ಜನ ಹಾಕುತ್ತಾರೆ. ತುಂಬಿ ವಿಶ್ರಾಂತಿಯಲ್ಲಿರುವ ಲಿಥಿಯಂ 13.3ರ ಮೇಲೆ, ಲೆಡ್ ಆಸಿಡ್ 12.7. ಲಿಥಿಯಂ ಬಹುತೇಕ ಖಾಲಿಯಾಗುವವರೆಗೂ ಅದೇ ದುಡಿಯುತ್ತದೆ, ಲೆಡ್ ಆಸಿಡ್ ಹಿರಿಯರ ಹಾಗೆ ಕಟ್ಟೆಯ ಮೇಲೆ ಕೂತಿರುತ್ತದೆ. ಜೊತೆಗೆ ಚಾರ್ಜಿನ ಸೆಟ್ಟಿಂಗ್ ಹೊಂದುವುದಿಲ್ಲ. ನೀರು ಹಾಕುವ ಲೆಡ್ ಆಸಿಡ್‌ಗೆ ಆಗಾಗ 15 ವೋಲ್ಟ್ ದಾಟಿಸಿ ಈಕ್ವಲೈಸ್ (ಎಲ್ಲ ಸೆಲ್ಲು ಸಮ ತುಂಬುವಂತೆ) ಮಾಡಬೇಕು, ಅದಕ್ಕೆ ಲಿಥಿಯಂನ ಬಿಎಂಎಸ್ ಒಪ್ಪದು. ಬೇಸಿಗೆಯಲ್ಲಿ ಟೆರೇಸಿನ ಕೋಣೆ 40 ಡಿಗ್ರಿ ಮುಟ್ಟಿದಾಗ ಲೆಡ್ ಆಸಿಡ್‌ಗೆ 14.4ನ್ನು 14ರ ಹತ್ತಿರಕ್ಕೆ ಇಳಿಸಬೇಕು, ಲಿಥಿಯಂಗೆ ಆ ಇಳಿಕೆ ಬೇಡ. ಇವೆರಡೂ ಇದ್ದರೆ ಬೇರೆ ಬೇರೆ ಇಡಿ, ಚರ್ಚೆ ಬೇಡ.

ಬೇರೆ ಇಡುವ ದಾರಿಗಳು

ಬೇರೆ ಇಡುವುದು ಅಂದ ತಕ್ಷಣ ಜನ ಮುಖ ಸಣ್ಣ ಮಾಡುತ್ತಾರೆ, ಏನೋ ಕಳೆದುಕೊಂಡಂತೆ. ನನಗೆ ಹೆಚ್ಚಿನ ಮನೆಗಳಲ್ಲಿ ಇದೇ ಚೆನ್ನ ಅನ್ನಿಸಿದೆ.

ತೀರ ಸರಳವಾದದ್ದು ಬದಲಿ ಸ್ವಿಚ್ಚು: ದೋಣಿಗಳಲ್ಲಿ ಇರುತ್ತದಲ್ಲ, ಒಂದು, ಎರಡು, ಎರಡೂ, ಬಂದ್ ಅಂತ ತಿರುಗುವ ದಪ್ಪ ಸ್ವಿಚ್ಚು, ಅದು. ಮೊದಲನೆಯದು ಮುಗಿದರೆ ಎರಡನೆಯದಕ್ಕೆ ತಿರುಗಿಸಿ. ಅಗ್ಗ, ಕೆಡುವುದಿಲ್ಲ. ಆದರೆ ಯಾರಾದರೂ ನೆನಪಿಟ್ಟು ತಿರುಗಿಸಬೇಕು. ತಿರುಗಿಸದೆ "ಎರಡೂ" ಮೇಲೆ ಬಿಟ್ಟರೆ ಮತ್ತೆ ಪ್ಯಾರಲಲ್ಲೇ ಆಯಿತು. ಇದು ಶಿಸ್ತಿನ ಒಂಟಿ ಮನುಷ್ಯರಿಗೆ ಸರಿ, ಹತ್ತು ಕೈ ಓಡಾಡುವ ಖಾನಾವಳಿಗಲ್ಲ.

ವೋಲ್ಟೇಜ್ ನೋಡಿ ತಾನೇ ಕೂಡಿ ತಾನೇ ಬಿಡುವ ರಿಲೇ ಇದೆ. ಮೊದಲ ಬ್ಯಾಟರಿ ಚಾರ್ಜಾಗಿ ಸುಮಾರು 13.3 ದಾಟಿದಾಗ ಎರಡನೆಯದನ್ನು ಕೂಡಿಸುತ್ತದೆ, 12.8ರ ಹತ್ತಿರಕ್ಕೆ ಇಳಿದರೆ ಬಿಡುತ್ತದೆ. ಒಂದು ಮುಖ್ಯ ಬ್ಯಾಟರಿ, ಒಂದು ಆಪತ್ತಿಗೆ ಇಟ್ಟದ್ದು ಅನ್ನುವವರಿಗೆ ಒಳ್ಳೆಯದು. ಡಯೋಡ್ ಹಾಕಿಯೂ ಬೇರ್ಪಡಿಸಬಹುದು. ಸಾದಾ ಡಯೋಡಿನಲ್ಲಿ 0.7 ವೋಲ್ಟ್ ಹೋಗುತ್ತದೆ, 12ರಲ್ಲಿ ಅದು ಕಡಿಮೆಯೇನಲ್ಲ, ಬಿಸಿಯಾಗುವುದು ಬೇರೆ. ನಾನು ಹಾಕುವುದಿಲ್ಲ.

ನನ್ನ ಇಷ್ಟದ್ದು, ಪ್ರತಿ ಬ್ಯಾಟರಿಗೂ ಅದರದೇ ಪ್ಯಾನೆಲ್, ಅದರದೇ ಕಂಟ್ರೋಲರ್, ಅದರದೇ ಕೆಲಸ. ಚಿಕ್ಕದಕ್ಕೆ ದೀಪ ಮತ್ತು ವೈಫೈ, ದೊಡ್ಡದಕ್ಕೆ ಫ್ಯಾನು. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತಿರುತ್ತದೆ. 36 ಸೆಲ್ಲಿನ 12 ವೋಲ್ಟ್ ಪ್ಯಾನೆಲ್ ಆದರೆ ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಇಳಿಸಿ ನಡೆಸುವ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಸಾಕು. ಮನೆ ಮೇಲಿನ ದೊಡ್ಡ 335 ವ್ಯಾಟ್ ಪ್ಯಾನೆಲನ್ನು ಮಾತ್ರ ಪಿಡಬ್ಲ್ಯೂಎಂಗೆ ಹಾಕಬೇಡಿ: 12 ವೋಲ್ಟ್ ಬ್ಯಾಟರಿಯ ಮೇಲೆ ಅದು 9 ಆಂಪಿಯರಿನ ಹತ್ತಿರ ಕೊಡುತ್ತದೆ, ಅಂದರೆ 120 ವ್ಯಾಟಿನಷ್ಟು; ಉಳಿದದ್ದು ಹೋಯಿತು. ಅದಕ್ಕೆ ಹೆಚ್ಚಿನ ವೋಲ್ಟೇಜನ್ನು ಕರೆಂಟಾಗಿ ಬದಲಿಸಿ ಕೊಡುವ ಎಂಪಿಪಿಟಿ ಕಂಟ್ರೋಲರೇ ಬೇಕು.

ಒಂದು ಎಚ್ಚರ: ಬ್ಯಾಟರಿಯಿಂದ ನೇರ 12 ವೋಲ್ಟ್ ಅಂದರೆ ನೇರ 12 ಅಲ್ಲ, ಚಾರ್ಜಾಗುವಾಗ 14.4. ರೂಟರಿಗೆ ಮಧ್ಯೆ ಒಂದು ರೆಗ್ಯುಲೇಟರ್ ಹಾಕಿ. ದೀಪಕ್ಕೆ 10ರಿಂದ 30 ವೋಲ್ಟ್ ತಡೆಯುವ ಡಿಸಿ ಬಲ್ಬು ತನ್ನಿ. 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ನೇರ ಬ್ಯಾಟರಿಗೆ ಹಚ್ಚಿದವರ ದೀಪ ಎರಡೇ ತಿಂಗಳಿಗೆ ಮಂಕಾಗುವುದು ಇದರಿಂದಲೇ.

ಕೊನೆಯ ದಾರಿ ಹಳೆಯದನ್ನು ಕೊಟ್ಟು ಹೊಸದು ತರುವುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಅಂಗಡಿಯಲ್ಲಿ ಎಕ್ಸ್‌ಚೇಂಜ್ ಕೊಡುತ್ತಾರೆ. ಸೀಸ ಬೆಲೆಯುಳ್ಳದ್ದು, ತೂಕದ ಮೇಲೆ ದುಡ್ಡು ಬರುತ್ತದೆ. ಆಸಿಡ್ ಚರಂಡಿಗೆ ಸುರಿದು ಬರೀ ಡಬ್ಬಿ ಒಯ್ಯುವ ಭಂಗಾರದವನಿಗೆ ಕೊಡಬೇಡಿ.

ಧಾಯರಿಯ ಲೆಕ್ಕ

ಅಕ್ಕನ ಖಾನಾವಳಿಯಲ್ಲಿ ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಬಗೆಯ 30 ವ್ಯಾಟಿನ ಮೂರು ಫ್ಯಾನು, 9 ವ್ಯಾಟಿನ ಆರು ದೀಪ, ರೂಟರಿಗೆ 10. ಒಟ್ಟು 154 ವ್ಯಾಟ್. ಇನ್ವರ್ಟರಿನಲ್ಲಿ ಹೋಗುವುದನ್ನು ಸೇರಿಸಿದರೆ 180, ಅಂದರೆ ಬ್ಯಾಟರಿಯಿಂದ 15 ಆಂಪಿಯರ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ಇಟ್ಟುಕೊಂಡರೆ, ದೊಡ್ಡದರಿಂದ 75, ಹಳೆಯದರ ನಿಜವಾದ 40ರಲ್ಲಿ 20, ಒಟ್ಟು 95 ಎಎಚ್. ಕೂಡಿಸಿದರೆ ಆರು ತಾಸು ಚಿಲ್ಲರೆ, ಜೊತೆಗೆ ಆ 1160ರ ಸೆಲ್ಲಿನ ಭಯ.

ಬೇರೆ ಮಾಡಿದರೆ? ಫ್ಯಾನುಗಳಷ್ಟೇ ಇನ್ವರ್ಟರಿನ ಮೇಲೆ: 9 ಆಂಪಿಯರ್, 75 ಎಎಚ್, ಎಂಟು ತಾಸು. ಹಳೆಯದರ ಮೇಲೆ 7 ವ್ಯಾಟಿನ ನಾಲ್ಕು ಡಿಸಿ ಬಲ್ಬು ಮತ್ತು ರೂಟರ್: 3 ಆಂಪಿಯರಿಗೆ ತುಸು ಮೇಲೆ, ಆರು ತಾಸು. ಇದರಲ್ಲಿ ಜಾದೂ ಏನಿಲ್ಲ. ಆರು ದೀಪ ನಾಲ್ಕಾಯಿತು, ದೀಪದ ಕರೆಂಟು ಇನ್ವರ್ಟರನ್ನು ಹಾಯುವುದು ತಪ್ಪಿತು. ಇಷ್ಟೂ ಬಿಸಿಲೇ ಇಲ್ಲದ ದಿನದ ಲೆಕ್ಕ. ಗುರುವಾರದ ಕರೆಂಟು ಹೋಗುವುದು ಹಗಲಲ್ಲೇ ಆದ್ದರಿಂದ ಪ್ಯಾನೆಲ್ಲೂ ಜೊತೆಗೆ ದುಡಿಯುತ್ತಿರುತ್ತದೆ.

ಅಕ್ಕನಿಗೆ ಮೊದಲು ಒಪ್ಪಿಗೆಯಾಗಲಿಲ್ಲ. "ಕೂಡಿ ಇದ್ರ ಶಕ್ತಿ ಅಂತಾರ, ನೀ ಏನು ಬ್ಯಾರೆ ಮಾಡಾಕ ಹತ್ತೀದಿ?" ಅಂದರು. ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲು ಒಂದೊಂದಾಗಿ ತೋರಿಸಿದೆ. ಐದನೆಯದರಲ್ಲಿ ತೇಲುಬುರುಡೆ ಮುಳುಗಿದ್ದು ನೋಡಿ, "ಇದು ಕಳ್ಳ" ಅಂದು ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತರು.

ಹಳೆಯ ಬ್ಯಾಟರಿಯನ್ನು ಅಡುಗೆಮನೆಯಿಂದ ಹೊರಗೆ, ಹಿಂದಿನ ಕಿಟಕಿಯ ಕೆಳಗೆ ಗಾಳಿಯಾಡುವಲ್ಲಿ ಇಟ್ಟೆ. ಚಾರ್ಜಾಗುವಾಗ ಬರುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4 ಪಾಲಾದರೂ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ರೊಟ್ಟಿಯ ಒಲೆ ಮೂರು ಮಾರು ದೂರದಲ್ಲಿತ್ತು. ಎರಡೂ ಬ್ಯಾಟರಿಯ ಮೈಮೇಲೆ ದಪ್ಪ ಮಾರ್ಕರಿನಿಂದ ಬಲ್ಬಿನ ಪರೀಕ್ಷೆಯ ತಾರೀಖು, ತಾಸು, ವೋಲ್ಟೇಜು ಬರೆದಿಟ್ಟಿದ್ದೇನೆ. ದೀಪಾವಳಿಗೆ ಮತ್ತೆ ಅದೇ ಬಲ್ಬು. ಹಳೆಯದು ನಾಲ್ಕು ತಾಸಿಗಿಂತ ಮುಂಚೆ 11.5ಕ್ಕೆ ಬಂದರೆ ಎಕ್ಸ್‌ಚೇಂಜಿಗೆ ಹೋಗುತ್ತದೆ, ಅದರ ಜಾಗಕ್ಕೆ ಚಿಕ್ಕದೊಂದು ಲಿಥಿಯಂ ಸಾಕು. ಕಂಟ್ರೋಲರಿನ ಸೆಟ್ಟಿಂಗ್ ಬದಲಿಸುವುದೊಂದೇ ಆಗ ಉಳಿಯುವ ಕೆಲಸ.